ಹನ್ನೆರಡು ಕೋಟು, ಒಂದು ಸರ್ಟಿಫಿಕೇಟು

ನಿವೃತ್ತನಾದ ಮೂರನೇ ವಾರ, ಕಾಫಿ ಲೋಟ ಕೆಳಗಿಟ್ಟು ನಾನೊಂದು ಘೋಷಣೆ ಹೊರಡಿಸಿದೆ: "ಇನ್ನು ಆರೇ ವಾರ! ಈ ಮನೆ ಸಂಪೂರ್ಣ ಕಂಪ್ಯೂಟರೀಕರಣ ಆಗುತ್ತೆ!"

ನನ್ನಾಕೆ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಕಂಪ್ಯೂಟರಿಗೆ ಹಾಕೋಕೆ ಮನೇಲಿ ಏನಿದೆ ರೀ? ಇರೋರೇ ಇಬ್ಬರು."

"ನಿನ್ನ ಅಳತೆ ಪುಸ್ತಕ ಇದೆಯಲ್ಲ!"

ಆಗ ತಲೆ ಎತ್ತಿದಳು. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಇಪ್ಪತ್ತೆರಡು ವರ್ಷಗಳಿಂದ ಬೀದಿಯವರ ಎದೆ, ಸೊಂಟ, ತೋಳುಗಳೆಲ್ಲ ದಪ್ಪ ರಟ್ಟಿನ ಒಂದೇ ಪುಸ್ತಕದಲ್ಲಿ ಅಡಗಿವೆ. ಅದರ ಬೆನ್ನು ಕಿತ್ತುಬಂದಾಗ ಅವಳು ಅದಕ್ಕೂ ಬಟ್ಟೆಯ ಪಟ್ಟಿ ಹೊಲಿದಿದ್ದಾಳೆ.

ನಾನಾದರೋ ಅಂಚೆ ಕಚೇರಿಯ ವಿಂಗಡಣೆ ವಿಭಾಗದಲ್ಲಿ ಮೂವತ್ತು ವರ್ಷ ಸವೆಸಿದವನು. ಒಂದೇ ಒಂದು ಕಾಗದವೂ ತಪ್ಪು ಮನೆಗೆ ಹೋಗಿಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ, ಯಾರೂ ಇಲ್ಲವೆಂದಿಲ್ಲ. ನಿಜ ಹೇಳಬೇಕೆಂದರೆ, ನಿವೃತ್ತಿಯ ನಂತರ ನನ್ನನ್ನು ಎಲ್ಲಿ ಇಡುವುದೆಂದು ನನಗೇ ತಿಳಿಯುತ್ತಿರಲಿಲ್ಲ. ಬಟ್ಟೆ ಕತ್ತರಿಸಲು ಜಾಗ ಬೇಕೆಂದು ಅವಳು ದಿನಕ್ಕೆ ಮೂರು ಸಲ ನನ್ನ ಕುರ್ಚಿ ಸರಿಸುತ್ತಿದ್ದಳು. ಸರಿಸಬೇಕಾದ ಸಾಮಾನಾಗುವ ಬದಲು ಅವಳಿಗೊಂದು ಆಸರೆಯಾಗಬೇಕೆಂಬ ಆಸೆ ನನ್ನದು.

ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಸೇರಿದೆ! 'ವೃತ್ತಿಪರ ಸಾಫ್ಟ್‌ವೇರ್ ತರಬೇತಿ. ಪ್ರತಿಯೊಬ್ಬರಿಗೂ ಪ್ರತ್ಯೇಕ ಗಮನ!' ಎಂದು ಫಲಕ ಹೇಳುತ್ತಿತ್ತು. ಒಳಗೆ ಮೂವರಿಗೊಂದು ಕಂಪ್ಯೂಟರು. ನನ್ನ ಪಕ್ಕದ ಔಷಧಿ ಅಂಗಡಿಯವರು ಮೊದಲ ದಿನ ಮೌಸ್ ಹಿಡಿದವರು ಆರು ವಾರ ಕೈಬಿಡಲಿಲ್ಲ. ಮೊದಲ ವಾರ ಕಂಪ್ಯೂಟರಿನ ಇತಿಹಾಸ. ಎರಡನೇ ವಾರ ಕಂಪ್ಯೂಟರಿನ ಭಾಗಗಳು: ಎದುರಿಗೆ ಸಾಕ್ಷಾತ್ ಕಂಪ್ಯೂಟರೇ ಕೂತಿದ್ದರೂ ನಾವು ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಅದರ ಚಿತ್ರ ನೋಡಿದೆವು. ಮೂರು, ನಾಲ್ಕನೇ ವಾರ ತರಬೇತುದಾರರು ಗೋಡೆಯ ಮೇಲಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದಿದರು. ಏನೇ ಕೇಳಿ, ಒಂದೇ ಉತ್ತರ: "ಅದು ಮುಂದಿನ ಹಂತದ ಕೋರ್ಸಿನಲ್ಲಿ ಬರುತ್ತೆ ಸರ್." ಶೌಚಾಲಯ ಎಲ್ಲಿದೆ ಎಂದು ಕೇಳಲೂ ನನಗೆ ಭಯವಾಗುತ್ತಿತ್ತು.

ಐದನೇ ವಾರ ವಿಂಗಡಣೆಯ ಪಾಠ. ನನ್ನ ಸ್ವಂತ ವಿದ್ಯೆ! ನೆಟ್ಟಗೆ ಕೂತೆ.

"ಹೆಸರಿನ ಕಾಲಂ ಆಯ್ಕೆ ಮಾಡಿ, ಈ ಗುಂಡಿ ಒತ್ತಿ. ಹೆಸರೆಲ್ಲ ಅಕಾರಾದಿಯಲ್ಲಿ ಬಂದುಬಿಡುತ್ತೆ. ಆದರೆ ಇಲ್ಲೊಂದು ಎಚ್ಚರಿಕೆ..."

ಅಷ್ಟರಲ್ಲಿ ಪ್ರೊಜೆಕ್ಟರ್ ಕಣ್ಣು ಮುಚ್ಚಿತು. ಅದು ಕಣ್ಣು ಬಿಡುವಷ್ಟರಲ್ಲಿ ತರಗತಿ ಮುಗಿದಿತ್ತು. ಆರನೇ ವಾರ ಪಾಠವೇ ಇಲ್ಲ, ಸರ್ಟಿಫಿಕೇಟು ಮತ್ತು ಗುಂಪು ಫೋಟೋ. ಆರು ವಾರ ಹೋಗಿ ಕಲಿತದ್ದು ಅರ್ಧ ಪಾಠ ಎಂದು ಒಳಗೊಳಗೇ ಪಿಚ್ಚೆನಿಸಿತು. ಆದರೂ ಮನೆಯಲ್ಲಿ ಬಾಯಿ ಬಿಡಲಿಲ್ಲ. ನನ್ನಾಕೆ ಕತ್ತರಿ ನೇತುಹಾಕುವ ಮೊಳೆಯನ್ನೇ ಖಾಲಿ ಮಾಡಿಸಿ, ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಅಲ್ಲಿ ತೂಗುಹಾಕಿದೆ.

ಅದೇ ವಾರ ಅವಳಿಗೆ ದೊಡ್ಡ ಕೆಲಸ ಬಂತು. ಹನ್ನೆರಡು ಹಾಡುಗಾರರ ತಂಡಕ್ಕೆ ಹನ್ನೆರಡು ಕೋಟು, ಭಾನುವಾರ ಸಂಜೆಯ ಕಾರ್ಯಕ್ರಮಕ್ಕೆ. ತಂಡದ ಮುಖ್ಯಸ್ಥೆ ಶಾಲೆಯ ಹೆಡ್‌ಮಿಸ್ಸು. "ಇದು ಚೆನ್ನಾಗಿ ಬಂದ್ರೆ ಬರೋ ವರ್ಷದಿಂದ ನಮ್ಮ ಶಾಲೆ ಸಮವಸ್ತ್ರ ಪೂರ್ತಿ ನಿಮಗೇ" ಎಂದಿದ್ದರು. ಇಪ್ಪತ್ತೆರಡು ವರ್ಷ ಹರಿದದ್ದು, ಬಿಗಿಯಾದದ್ದು ಸರಿಮಾಡುತ್ತ ಕೂತವಳು ಆ ದಿನ ಅಡುಗೆಮನೆಯಲ್ಲಿ ಗುನುಗುತ್ತಿದ್ದಳು.

ನಾನು ಮೈದಾನಕ್ಕಿಳಿದೆ. ಹನ್ನೆರಡು ಹೆಸರು, ಅವಳು ಪುಸ್ತಕದಲ್ಲಿ ಬರೆದುಕೊಂಡಿದ್ದ ಅವರ ಅಳತೆ, ಎಲ್ಲ ನಿವೃತ್ತಿಯ ಹಣದಲ್ಲಿ ಕೊಂಡಿದ್ದ ಕಂಪ್ಯೂಟರಿನೊಳಗೆ ತುಂಬಿಸಿದೆ. ಪುಸ್ತಕದ ಅಂಚಿನಲ್ಲಿ ಅವಳು ಗೀಚಿದ್ದ ಸಣ್ಣ ಟಿಪ್ಪಣಿಗಳಿಗೆ ಕಾಲಂ ಇರಲಿಲ್ಲವಾದ್ದರಿಂದ ಬಿಟ್ಟೆ. ಹೆಸರಿನ ಕಾಲಂ ಆಯ್ಕೆ ಮಾಡಿದೆ, ಗುಂಡಿ ಒತ್ತಿದೆ, ಅಕಾರಾದಿ! ಪಟ್ಟಿ ಮುದ್ರಿಸಿ ಗೋಡೆಗೆ ಅಂಟಿಸಿದೆ. ಪುಸ್ತಕಕ್ಕೂ ನಿವೃತ್ತಿ ಕೊಟ್ಟು ಅಟ್ಟ ಹತ್ತಿಸಿದೆ.

ನನ್ನಾಕೆ ಪಟ್ಟಿಯ ಮುಂದೆ ತುಂಬ ಹೊತ್ತು ನಿಂತಳು. "ರೀ, ಆ ಸಣ್ಣ ದನಿಯವರು, ಗುಬ್ಬಿ ಅಂತ ಕರೀತಾರಲ್ಲ, ಅವರ ಸೊಂಟ ನಲವತ್ತಾರಾ?"

"ಕಂಪ್ಯೂಟರು ಸುಳ್ಳು ಹೇಳುತ್ತೇನೇ?"

ಪಟ್ಟಿ ನೋಡಿದಳು, ನನ್ನ ಮುಖ ನೋಡಿದಳು, ಕತ್ತರಿ ಕೈಗೆತ್ತಿಕೊಂಡಳು. ಆ ನೋಟದ ಅರ್ಥ ನನಗೆ ಆಮೇಲೆ ತಿಳಿಯಿತು.

ಭಾನುವಾರ ಮಧ್ಯಾಹ್ನ ಹನ್ನೆರಡೂ ಜನ ಬಂದರು, ತಂತಮ್ಮ ಹೆಸರಿನ ಚೀಟಿ ನೋಡಿ ಕೋಟು ತೊಟ್ಟರು. ಗುಬ್ಬಿ ಕೋಟಿನೊಳಗೆ ಕಾಣೆಯಾದರು. "ನಾನು ಇಲ್ಲೇ ಇದೀನಿ" ಎಂಬ ದನಿ ಮಾತ್ರ ಕಾಲರಿನಿಂದ ಹೊರಬಂತು. ಗುಡುಗು ಎಂದು ಹೆಸರಾದ ದಪ್ಪ ದನಿಯವರು ತೋಳು ತೂರಿಸಿ, ಹೇಗೋ ಒಂದು ಗುಂಡಿ ಹಾಕಿಕೊಂಡು, ಪರೀಕ್ಷೆಗೆಂದು ಒಂದು ಸ್ವರ ಎಳೆದರು. ಗುಂಡಿ ಹಾರಿತು! ನೇರ ಹೋಗಿ ನನ್ನ ಸರ್ಟಿಫಿಕೇಟಿನ ಗಾಜಿಗೆ ಟಣ್ ಎಂದು ಬಡಿಯಿತು.

"ಇನ್ನು ನಾಲ್ಕೇ ಗಂಟೆ ಇದೆ" ಎಂದರು ಹೆಡ್‌ಮಿಸ್ಸು. ನನ್ನಾಕೆಯ ಮುಖ ಬಿಳಿಚಿಕೊಂಡಿತ್ತು.

ನಾನು ಅಡುಗೆಮನೆಗೆ ನುಸುಳಿ ತರಬೇತುದಾರರಿಗೆ ಫೋನು ಹಚ್ಚಿದೆ. "ಸಾರ್, ಗುಡುಗಿನ ಕೋಟು ಗುಬ್ಬಿಗೆ ಹೋಗಿದೆ! ಎಲ್ಲಾ ಅದಲು ಬದಲು!"

"ಹೆಸರಿನ ಕಾಲಂ ಒಂದನ್ನೇ ಆಯ್ಕೆ ಮಾಡಿದ್ರಾ ಸರ್? ಹಾಗೆ ಮಾಡಿದ್ರೆ ಹೆಸರು ಮಾತ್ರ ಜಾಗ ಬದಲಾಯಿಸುತ್ತೆ, ಅಳತೆ ಇದ್ದಲ್ಲೇ ಇರುತ್ತೆ. ಅದೇ ಎಚ್ಚರಿಕೆ ಹೇಳೋಕೆ ಹೊರಟಿದ್ದೆ, ಪ್ರೊಜೆಕ್ಟರ್ ಹೋಯ್ತು."

"ಈಗ ಸರಿ ಮಾಡೋದು ಹೇಗೆ?"

"ಅದು ಮುಂದಿನ ಹಂತದ ಕೋರ್ಸಿನಲ್ಲಿ..."

ಫೋನು ಇಟ್ಟೆ. ಹೊರಗೆ ಬಂದು ಎಲ್ಲರೆದುರು ತಪ್ಪೊಪ್ಪಿಕೊಂಡೆ. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ಅವಳು ಯೋಚಿಸುತ್ತಿದ್ದಳು.

"ಅಂದ್ರೆ ಅಳತೆ ಎಲ್ಲ ಸರಿ, ಹೆಸರು ಮಾತ್ರ ತಪ್ಪು. ಹೌದಾ?"

"ಹೌದು."

"ಹಾಗಾದ್ರೆ ಹನ್ನೆರಡು ಜನಕ್ಕೂ ಕೋಟು ಇಲ್ಲೇ ಇದೆ. ಪುಸ್ತಕ ಇಳಿಸಿ."

ಅಟ್ಟ ಹತ್ತಿ ಇಳಿದೆ. ಅವಳು ಪುಸ್ತಕ ನೋಡಿ ಒಬ್ಬೊಬ್ಬರ ಅಳತೆ ಓದಿದಳು. ನಾನು ಗೋಡೆಯ ಪಟ್ಟಿಯಲ್ಲಿ ಅದೇ ಅಳತೆ ಹುಡುಕಿ, ಆ ಕೋಟಿನ ಹಳೇ ಚೀಟಿ ಕಿತ್ತು, ಒಬ್ಬರ ಕೈಯಿಂದ ಕೋಟು ಪಡೆದು ಇನ್ನೊಬ್ಬರಿಗೆ ಮುಟ್ಟಿಸಿದೆ. ಮೂವತ್ತು ವರ್ಷದ ಕೈ, ಮರೆತಿರಲಿಲ್ಲ. ಕಾಲು ಗಂಟೆಯೊಳಗೆ ಗುಬ್ಬಿಗೆ ಮೈ ಬಂತು, ಗುಡುಗಿಗೆ ಉಸಿರು ಬಂತು. ಹಾರಿದ ಗುಂಡಿಯನ್ನು ಮಂಚದ ಕೆಳಗಿನಿಂದ ಹುಡುಕಿ ತಂದವನೂ ನಾನೇ.

ಹೆಡ್‌ಮಿಸ್ಸಿನ ಕೋಟು ಮಾತ್ರ ಎಡ ಭುಜದಲ್ಲಿ ನೆರಿಗೆ ಬಿದ್ದಿತ್ತು. ನನ್ನಾಕೆ ಪುಟದ ಅಂಚಿಗೆ ಬೆರಳಿಟ್ಟಳು. ನಾನೂ ಇಣುಕಿದೆ: 'ಎಡ ಭುಜ ಅರ್ಧ ಇಂಚು ಇಳಿದಿದೆ. ಏನೂ ಕೇಳಬೇಡ. ಒಳಗೆ ಮೆತ್ತೆ ಇಡು.' ನಾನು ಬಿಟ್ಟ ಟಿಪ್ಪಣಿ! ಅವಳು ಸೂಜಿ ದಾರ ಹಿಡಿದು ಅವರನ್ನು ಒಳಕೋಣೆಗೆ ಕರೆದೊಯ್ದಳು. ಹೊರಬಂದಾಗ ಎರಡೂ ಭುಜಗಳು ಸಮವಾಗಿದ್ದವು. ಹೆಡ್‌ಮಿಸ್ಸು ಕನ್ನಡಿ ನೋಡಿದರು, ನನ್ನಾಕೆಯ ಕೈ ಹಿಡಿದುಕೊಂಡರು.

"ಬುಧವಾರ ಶಾಲೆಗೆ ಬನ್ನಮ್ಮ, ಮಕ್ಕಳ ಅಳತೆಗೆ. ಆ ಪುಸ್ತಕ ತನ್ನಿ. ಯಜಮಾನರೂ ಬರಲಿ, ಆದರೆ ಕಂಪ್ಯೂಟರ್ ಬೇಡ."

ಎಲ್ಲರೂ ಹೋದ ಮೇಲೆ ನಾನು ಸರ್ಟಿಫಿಕೇಟು ಇಳಿಸಿ ಕತ್ತರಿಯನ್ನು ಮೊಳೆಗೆ ಹಾಕಿದೆ. "ನಿನಗೆ ಅನುಮಾನ ಬಂದಿತ್ತಲ್ವಾ? ಮೊದಲೇ ಪುಸ್ತಕ ಕೇಳಬಾರದಿತ್ತಾ?"

"ಕೇಳೋಣ ಅಂದ್ಕೊಂಡೆ. ನಿವೃತ್ತಿಯಾದ ಮೇಲೆ ಅವತ್ತೇ ನಿಮ್ಮ ಮುಖದಲ್ಲಿ ನಗು ಕಂಡಿದ್ದು. ಮನಸ್ಸು ಬರಲಿಲ್ಲ."

ಪುಸ್ತಕ ಎತ್ತಿಡುವ ನೆಪದಲ್ಲಿ ಪುಟ ತಿರುವಿದೆ. ಕೊನೆಯ ಹಾಳೆಯ ತಲೆಬರಹ 'ನಮ್ಮವರು'. ಇಪ್ಪತ್ತೆರಡು ವರ್ಷದ ನನ್ನ ಅಳತೆಗಳು, ವರ್ಷಕ್ಕೊಂದು ಸಾಲು, ಅಂಚಿನಲ್ಲಿ ಟಿಪ್ಪಣಿಗಳು. 'ಬಲ ಜೇಬಿಗೆ ಗಟ್ಟಿ ಬಟ್ಟೆ ಹಾಕು, ಬೀಗದ ಕೈ ಇಟ್ಟು ತೂತು ಮಾಡ್ತಾರೆ.' 'ಈ ವರ್ಷ ನಿವೃತ್ತಿ. ಸೊರಗಿದ್ದಾರೆ. ಊಟ ಗಮನಿಸು.' ಕಣ್ಣು ಮಂಜಾಯಿತು. ಅದರ ಕೆಳಗೆ ಇನ್ನೊಂದು ಸಾಲು: 'ಎದೆ ಮೂವತ್ತೆಂಟು. ಜಂಬ ಕೊಚ್ಚುವಾಗ ನಲವತ್ತೆರಡು. ಮಾತು ಮುಗಿಯೋವರೆಗೆ ಕಾದು ಅಳತೆ ತೆಗಿ.'

"ಬನ್ನಿ ಇಲ್ಲಿ" ಎಂದಳು ನನ್ನಾಕೆ, ಟೇಪು ಹಿಡಿದು. "ಕೋಟಿನ ಬಟ್ಟೆ ಉಳಿದಿದೆ. ಬುಧವಾರ ಶಾಲೆಗೆ ಬರೋಕೆ ನಿಮಗೂ ಒಂದು ಹೊಲೀತೀನಿ."

ಬಾಯಿ ಮುಚ್ಚಿಕೊಂಡು ನಿಂತೆ. ಟೇಪು ಎದೆ ಸುತ್ತಿತು.

"ಎಷ್ಟಿದೆ?"

"ಮೂವತ್ತೇಳು" ಎಂದಳು, ಪುಸ್ತಕದಲ್ಲಿ ಬರೆದುಕೊಳ್ಳುತ್ತ. "ಇವತ್ತು ಕಾಯೋ ಕೆಲಸವೇ ಬೀಳಲಿಲ್ಲ!"