ಕಲ್ಲಮ್ಮನ ಮನೆಯಲ್ಲಿ ಮೀನಿನ ಬಾಣಂತನ

ಮೊಮ್ಮಕ್ಕಳ ಮಾತಿಗೆ ಇಲ್ಲವೆನ್ನುವ ನಾಲಿಗೆಯನ್ನು ದೇವರು ಅಜ್ಜಿಯರಿಗೆ ಕೊಟ್ಟೇ ಇಲ್ಲ. ನನ್ನ ಮಕ್ಕಳು ಚಿಕ್ಕವರಿದ್ದಾಗ ಬೆಕ್ಕಿನ ಮರಿ ತಂದರೆ ಕಸಬರಿಗೆ ಹಿಡಿದು ಓಡಿಸಿದವಳು ನಾನು. ಅದೇ ನಾನು, ದಸರೆಯ ಸೂಟಿಗೆ ಗುಲ್ಬರ್ಗಾದಿಂದ ನಮ್ಮೂರು ನೆಲೋಗಿಗೆ ಬಂದ ಮೊಮ್ಮಗಳು ನೀಲಾ ಗಾಜಿನ ಭರಣಿಯಲ್ಲಿ ಮೀನು ತಂದಾಗ, ಕಿಟಕಿಯಲ್ಲಿದ್ದ ಉಪ್ಪಿನಕಾಯಿ ಸರಿಸಿ ಜಾಗ ಮಾಡಿಕೊಟ್ಟೆ.

"ಲಿಂಗಪೂಜಿ ಮಾಡೋ ಮನ್ಯಾಗ ಮೀನಾ? ಮಂದಿ ಏನಂದಾರು?" ಎಂದರು ನಮ್ಮ ಮನೆಯವರು.

"ಉಣ್ಣಾಕಲ್ರಿ, ನೋಡಾಕ" ಎಂದೆ.

ಅದರ ಹೆಸರು ಗಪ್ಪಿಯಂತೆ. ತತ್ತಿ ಇಡದೆ ನಮ್ಮ ಹಾಗೆ ಮರಿಯನ್ನೇ ಹೆರುತ್ತದಂತೆ. ಎರಡನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಇದನ್ನು ಕೇಳಿ ನಕ್ಕೆ. ನೀಲಾ ನಗಲಿಲ್ಲ. "ಆಯಿ, ಇದು ಬಸುರಿ ಐತಿ. ಹಡದ ಕೂಡ್ಲೆ ಮರಿ ಬ್ಯಾರೆ ಇಡು, ಇಲ್ಲಾಂದ್ರ ತಾನ ತಿಂತೈತಿ. ದೀಪಾವಳಿಗೆ ಬಂದಾಗ ಮರಿ ತೋರಸ್ಬೇಕು ನೋಡು" ಎಂದು ಮಾತು ತೆಗೆದುಕೊಂಡು ಬಸ್ಸು ಹತ್ತಿದಳು.

ನನಗೆ ಬಸುರಿಯರ ಆರೈಕೆ ಗೊತ್ತೇ ಹೊರತು ಮೀನಿನದಲ್ಲ. ಗೊತ್ತಿದ್ದದ್ದನ್ನೇ ಮಾಡಿದೆ. ತಣ್ಣೀರು ಆಗಿಬರುವುದಿಲ್ಲವೆಂದು ಬಾವಿಯ ನೀರನ್ನು ಬಿಸಿಲಿಗಿಟ್ಟು ಹಾಕಿದೆ. ಜೋಳದ ರೊಟ್ಟಿಯನ್ನು ಹಿಟ್ಟಿನಂತೆ ತಿಕ್ಕಿ ಉದುರಿಸಿದೆ. ಗಟ್ಟಿ ಜೀವ, ಎಲ್ಲವನ್ನೂ ಸಹಿಸಿಕೊಂಡಿತು. ಹೊಟ್ಟೆ ದುಂಡಗಾದಂತೆ ನನ್ನ ಎದೆ ಉಬ್ಬುತ್ತಿತ್ತು.

ನೀಲಾ ಬರುವ ಹಿಂದಿನ ದಿನ ಭರಣಿ ತೊಳೆಯಲು ಹೊರಟೆ. ಪಕ್ಕದ ಮನೆಯ ಕಲ್ಲಮ್ಮ ಬೆಳಿಗ್ಗೆ ಮಜ್ಜಿಗೆ ಕಳಿಸಿದ್ದ ತಂಬಿಗೆ ತೊಳೆದಿಟ್ಟಿದ್ದೆ. ಮೀನನ್ನು ಅದರಲ್ಲಿ ಬಿಟ್ಟು, ಬೆಕ್ಕಿಗೆ ಹೆದರಿ ಮೇಲೊಂದು ತಟ್ಟೆ ಮುಚ್ಚಿ ಬಾವಿಗೆ ಹೋದೆ. ಬಂದು ನೋಡಿದರೆ ತಂಬಿಗೆಯೇ ಇಲ್ಲ. ಬೆಕ್ಕು ತಂಬಿಗೆ ಒಯ್ಯುವುದಿಲ್ಲವೆಂಬ ವಿಚಾರ ನನ್ನ ತಲೆಗೆ ಹೊಳೆದದ್ದು ಅದನ್ನು ಓಣಿಯ ತುದಿಯವರೆಗೆ ಬೆನ್ನಟ್ಟಿದ ಮೇಲೆ. ಮನೆಯೆಲ್ಲ ಹುಡುಕಿದೆ. ನಮ್ಮಲ್ಲಿ ನೆರೆಯವರ ಪಾತ್ರೆಯನ್ನು ಬರಿದಾಗಿ ಮರಳಿಸುವ ರೂಢಿಯಿಲ್ಲ. ತನ್ನ ತಂಬಿಗೆ ತುಂಬಿದ್ದು ಕಂಡ ಕಲ್ಲಮ್ಮ ಅದು ತನಗೇ ಎಂದುಕೊಂಡು ಒಯ್ದಿರಬೇಕು. ಇದು ಹೊಳೆದಾಗ ಸಂಜೆಯಾಗಿತ್ತು. ಓಡಿದೆ.

ಕಲ್ಲಮ್ಮ ಹಿತ್ತಲಿನಲ್ಲಿ ದನ ನೀರು ಕುಡಿಯುವ ಕಲ್ಲುದೋಣಿಯ ಮುಂದೆ ಕುಳಿತಿದ್ದಳು. "ಪಾಯಸ ಇಟ್ಟೀಯಂತ ತಂದ್ನೆಕ್ಕಾ. ತಟ್ಟಿ ತೆಗದ್ರ ಒಳಗಿಂದ ಯಾರೋ ನನ್ನ ನೋಡಾಕತ್ತಿದ್ರು. ಇದರಾಗ ಬಿಟ್ಟೆ, ಹಡದಾಳ ನೋಡು" ಎಂದಳು. ದೋಣಿಯ ನೀರಿನಲ್ಲಿ ನನ್ನ ಮೀನಿನ ಸುತ್ತ ಸಾಸಿವೆಗೆ ಬಾಲ ಬಂದಂಥ ಮರಿಗಳು.

"ಕೊಡ್ಬೇ, ನಾಳೆ ನೀಲಾ ಬರ್ತಾಳ."

"ನಿನಗ ತಲಿ ಐತಿಲ್ಲೊ? ಹಸಿ ಬಾಣಂತಿನ್ನ ಹೊಸ್ತಿಲಾ ದಾಟಸ್ತಾರೇನು? ಬಾಣಂತಿಗೆ ಕೊಡೋ ಅಳವಿ ಪಾಯಸ ಹಾಕಬೇಕಂತ ಮಾಡೇನಿ."

"ಪಾಯಸ ಬ್ಯಾಡ. ಆಕಿ ಮಕ್ಳನ್ನ ತಿಂತಾಳಂತ, ನೀಲಾ ಹೇಳ್ಯಾಳ."

"ಹಡದಾಕಿ ತಿಂತಾಳೇನು? ಬಾಯಿ ತೊಳಕೋ ಹೋಗು."

ನಾನು ಬಾಯಿ ತೊಳೆಯುವ ಮೊದಲೇ ಬಾಣಂತಿ ಒಂದು ಮರಿಯನ್ನು ಗುಳುಂ ಎನಿಸಿದಳು. ಕಲ್ಲಮ್ಮ ದಡಕ್ಕನೆ ಎದ್ದಳು. ಒಳಗಿನಿಂದ ಚಹಾ ಸೋಸುವ ಜಾಲರಿ ತಂದು, ತಾಯಿಯನ್ನು ಎತ್ತಿ ತಂಬಿಗೆಗೆ ಹಾಕಿ ನನ್ನ ಕೈಗಿಟ್ಟಳು. "ಒಯ್ಯಿ ನಿನ್ನ ಮಗಳನ್ನ. ಕೂಸುಗಳು ನನ್ನ ಕಡೆ ಇರ್ತಾವ."

ಮರುದಿನ ನೀಲಾ ಚೀಲ ಇಳಿಸುವ ಮೊದಲೇ ಭರಣಿ ನೋಡಿದಳು. ತೆಳ್ಳಗಾದ ಹೊಟ್ಟೆ ಕಂಡು ನನ್ನ ಕಡೆ ತಿರುಗಿದಳು. "ತಿಂದ್ಬಿಟ್ಟಿತಾ ಆಯಿ?" ಮಾತಿಗಿಂತ ಮೊದಲು ಅವಳ ಕೈ ಹಿಡಿದು ಕಲ್ಲಮ್ಮನ ಹಿತ್ತಲಿಗೆ ಎಳೆದುಕೊಂಡು ಹೋದೆ. ದೋಣಿಯೊಳಗೆ ಬಗ್ಗಿದ ಆ ಮುಖ ಅರಳಿದ್ದನ್ನು ಬರೆಯಲು ನನ್ನ ಎರಡು ಇಯತ್ತೆ ಸಾಲದು.

ಆ ಸೂಟಿಯೆಲ್ಲ ಅವಳು ಅಲ್ಲಿಯೇ. ಒಂದು ದಿನ ಊಟಕ್ಕೆ ಕರೆಯಲು ಹೋದರೆ ತುಟಿಗೆ ಬೆರಳಿಟ್ಟು, "ಆಯಿ, ಸಣ್ಣ ಕೂಸು ಅದಾವ, ಜೋರ ಮಾತಾಡಬ್ಯಾಡ" ಎಂದು ಪಕ್ಕದಲ್ಲಿ ಕೂರಿಸಿದಳು. ಐದು ಮಕ್ಕಳನ್ನು ಹೆತ್ತು ಸಾಕಿದ ನಾನು ಚಕಾರವೆತ್ತದೆ ಕುಳಿತೆ. ನನ್ನನ್ನು ಹುಡುಕಿಕೊಂಡು ಬಂದ ನಮ್ಮ ಮನೆಯವರು ನನ್ನ ಈ ಮೌನವನ್ನು ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿ, "ಇನ್ನೊಂದು ಭರಣಿ ತರಸ್ತೇನಿ, ನಮ್ಮ ಮನ್ಯಾಗೂ ಸಣ್ಣ ಕೂಸು ಇರಲಿ" ಎಂದರು.