ವಾಲುತ್ತಿದ್ದದ್ದು ನಾನೋ, ಗಾಡಿಯೋ

ವಯಸ್ಸು ಐವತ್ತರ ಹೊಸ್ತಿಲಿಗೆ ಬಂದ ಮೇಲೆ ಮನೆಯಲ್ಲಿ ಯಾವ ವಸ್ತು ಕೆಟ್ಟರೂ ಮನುಷ್ಯನಿಗೆ ಮೊದಲು ಅನುಮಾನ ಬರುವುದು ತನ್ನ ಮೇಲೆಯೇ. ಟೀವಿಯ ಧ್ವನಿ ಇಳಿದರೆ ಕಿವಿ ಹೋಯಿತೆಂದುಕೊಳ್ಳುತ್ತಾನೆ. ಪತ್ರಿಕೆಯಲ್ಲಿ ಮಸಿ ಸರಿಯಾಗಿ ಮೂಡದಿದ್ದರೆ ಕಣ್ಣುಜ್ಜಿಕೊಳ್ಳುತ್ತಾನೆ. ನಮ್ಮ ಮನೆಯ ಗೋಡೆ ಗಡಿಯಾರ ಒಮ್ಮೆ ಹತ್ತು ನಿಮಿಷ ಹಿಂದೆ ಬಿದ್ದಿತ್ತು. ಸರಿಯಾದ ಹೊತ್ತಿಗೇ ಮನೆ ಬಿಟ್ಟರೂ ದಿನಾ ಬಸ್ಸು ತಪ್ಪುತ್ತಿತ್ತು. ಗಡಿಯಾರ ತಪ್ಪಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ನನ್ನ ನಡಿಗೆಯೇ ನಿಧಾನವಾಗಿದೆ, ಕಾಲಿನಲ್ಲಿ ಶಕ್ತಿ ಉಳಿದಿಲ್ಲ ಎಂದು ತೀರ್ಮಾನಿಸಿ ಒಂದು ವಾರ ಶೇಂಗಾ ಬೆಲ್ಲ ತಿಂದೆ. ಇಂಥ ಮನುಷ್ಯ ಹಳೆಯ ಮೋಟಾರ್ ಸೈಕಲ್ ಕೊಳ್ಳಬಾರದು. ನಾನು ಕೊಂಡೆ.

ನಾನು ಶಿರಗುಪ್ಪಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಮನೆ ಉಗಾರ ಖುರ್ದದಲ್ಲಿ. ಬಸ್ಸಿನ ಸಹವಾಸ ಸಾಕಾಗಿ, ದೀಪಾವಳಿ ಮುಗಿದ ಮೇಲೆ, ಪಾಲಬಾವಿಯ ಅಪ್ಪಾಸಾಬನ ಗಾಡಿ ನೋಡಲು ಹೋದೆ. ಅಪ್ಪಾಸಾಬ ನಾಲ್ಕು ಎಮ್ಮೆ ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ರೈತ, ಮಾತು ಕಡಿಮೆ, ನಗು ಜಾಸ್ತಿ. ನಾನು ಗಣಿತದವನ ಗತ್ತಿನಲ್ಲಿ ಕಾಗದಪತ್ರಗಳನ್ನು ಮೂರು ಸಲ ಓದಿದೆ. ಹಾರ್ನ್ ಒತ್ತಿದೆ. ಸೀಟನ್ನು ಬದನೆಕಾಯಿ ಹಿಚುಕಿ ನೋಡುವಂತೆ ಹಿಚುಕಿದೆ. ಆಮೇಲೆ ಏನು ನೋಡಬೇಕೆಂದು ನನಗೆ ಗೊತ್ತಿರಲಿಲ್ಲವಾದ್ದರಿಂದ ಗಂಭೀರವಾಗಿ ತಲೆಯಾಡಿಸಿದೆ. ಅವನು ಆಗಷ್ಟೇ ಕ್ಯಾನಿಗೆ ಹಾಲು ತುಂಬಿ, ಅದೇ ಗಾಡಿಗೆ ಕಟ್ಟಿಕೊಂಡು ಡೈರಿಗೆ ಹೊರಟಿದ್ದ. ನನ್ನನ್ನೂ ಹಿಂದೆ ಕೂರಿಸಿಕೊಂಡು, ಊರ ಹೊರಗಿನ ಖಾಲಿ ರಸ್ತೆಯಲ್ಲಿ ಎರಡೂ ಕೈ ಎತ್ತಿಬಿಟ್ಟ. "ನೋಡ್ರಿ ಸರ, ಕೈ ಬಿಟ್ಟರೂ ಹೆಂಗ ನೆಟ್ಟಗ ಹೊಂಟೈತಿ!" ಎಂದ. ಗಾಡಿ ನಿಜಕ್ಕೂ ಗೆರೆ ಎಳೆದಂತೆ ನೆಟ್ಟಗೆ ಹೊರಟಿತ್ತು. ಡೈರಿ ಬರುವಷ್ಟರಲ್ಲಿ ವ್ಯವಹಾರ ಮುಗಿದಿತ್ತು.

ಮರುದಿನವೇ ಶುರುವಾಯಿತು ನೋಡಿ. ಶಾಲೆಗೆ ಹೊರಟವನು ಊರು ದಾಟುತ್ತಿದ್ದಂತೆ ಬಲಕ್ಕೆ ಸರಿಯತೊಡಗಿದೆ. ಎಡಕ್ಕೆ ತಂದುಕೊಂಡೆ. ಮತ್ತೆ ಬಲಕ್ಕೆ. ಅದು ಕಬ್ಬಿನ ಹಂಗಾಮು. ಬಲಕ್ಕೆ ಸರಿಯುವುದೆಂದರೆ ನಮ್ಮ ಕಡೆ ಸುಮ್ಮನೆ ಬಲಕ್ಕೆ ಸರಿಯುವುದಲ್ಲ. ಎರಡೆರಡು ಟ್ರಾಲಿ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು, ಫ್ಯಾಕ್ಟರಿಯ ಕಡೆ ಬರುವ ಟ್ರ್ಯಾಕ್ಟರಿನ ಬಾಯಿಗೇ ಹೋಗುವುದು. ಒಬ್ಬ ಡ್ರೈವರ್ ಹಾಡು ನಿಲ್ಲಿಸಿ, ತಲೆ ಹೊರಗೆ ಹಾಕಿ, ಮರಾಠಿಯಲ್ಲಿ ನನ್ನ ಕಣ್ಣಿನ ಬಗ್ಗೆಯೂ ಕನ್ನಡದಲ್ಲಿ ನನ್ನ ಹಿರಿಯರ ಬಗ್ಗೆಯೂ ವಿಚಾರಿಸಿದ. ಶಾಲೆ ಮುಟ್ಟುವ ಹೊತ್ತಿಗೆ ನನ್ನ ಎಡ ಭುಜ ಹಿಡಿದುಕೊಂಡಿತ್ತು.

ಬೇರೆ ಯಾರಾದರೂ ಆಗಿದ್ದರೆ ಗಾಡಿಯನ್ನು ಬೈಯುತ್ತಿದ್ದರು. ನನಗೆ ನೆನಪಾದದ್ದು ನಮ್ಮ ಸೋದರಮಾವ. ಮಾವನೂ ನನ್ನ ವಯಸ್ಸಿನಲ್ಲೇ ನಡೆಯುತ್ತಾ ನಡೆಯುತ್ತಾ ಬಲಕ್ಕೆ ವಾಲತೊಡಗಿದ್ದ. ಎಲ್ಲರೂ ಚಪ್ಪಲಿ ಸವೆದಿದೆ ಎಂದರು. ಒಂದು ತಿಂಗಳಾದ ಮೇಲೆ ಲಕ್ವಾ ಹೊಡೆದು ಬಲ ಕೈ, ಬಲ ಕಾಲು ಎರಡೂ ಹೋದವು. ಕೈ ಬಿಟ್ಟರೂ ನೆಟ್ಟಗೆ ಹೋಗುವ ಗಾಡಿಯನ್ನು ನಾನು ಕಣ್ಣಾರೆ ಕಂಡು ತಂದಿದ್ದೇನೆ, ಈಗ ಅದು ವಾಲುತ್ತಿದೆ ಎಂದರೆ ವಾಲುತ್ತಿರುವವನು ಯಾರು? ಈ ಲೆಕ್ಕಕ್ಕೆ ಒಂದೇ ಉತ್ತರ ಇತ್ತು. ನನಗೆ ನಿಜವಾಗಿಯೂ ಭಯವಾಯಿತು. ಯಾರಿಗೂ ಹೇಳಲಿಲ್ಲ. ಡಾಕ್ಟರ ಹತ್ತಿರವೂ ಹೋಗಲಿಲ್ಲ, ಅವರು ಹೌದು ಎಂದುಬಿಟ್ಟರೆ ಎಂದು.

ಆಮೇಲಿನ ಮೂರು ವಾರ ನಾನೇ ರೋಗಿ, ನಾನೇ ಡಾಕ್ಟರು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನಗುತ್ತಿದ್ದೆ, ತುಟಿಯ ಎರಡೂ ತುದಿ ಸಮವಾಗಿ ಏಳುತ್ತವೆಯೇ ಎಂದು. ಬಚ್ಚಲಿನಲ್ಲಿ ಒಂಟಿ ಕಾಲಿನ ಮೇಲೆ ನಿಂತು ಹದಿನೇಳರ ಮಗ್ಗಿ ಹೇಳುತ್ತಿದ್ದೆ. ತರಗತಿಯಲ್ಲಿ ಅಳತೆಪಟ್ಟಿ ಬಿಟ್ಟು ಬರಿಗೈಯಲ್ಲಿ ಸಮಾಂತರ ರೇಖೆ ಎಳೆಯತೊಡಗಿದೆ. ಅವು ಬೋರ್ಡಿನ ತುದಿಯಲ್ಲಿ ಒಂದನ್ನೊಂದು ಸೇರಿಬಿಟ್ಟಾಗ ಮಕ್ಕಳು ನಕ್ಕರು, ನನ್ನ ಎದೆ ಧಸಕ್ಕೆಂದಿತು. ಇಪ್ಪತ್ತು ವರ್ಷಗಳಿಂದಲೂ ನನ್ನ ಗೆರೆಗಳು ಹಾಗೆಯೇ ಸೇರುತ್ತಿದ್ದವು ಎಂಬುದು ಬೇರೆ ಮಾತು.

ಒಮ್ಮೆ ಮಾತ್ರ ಧೈರ್ಯ ಮಾಡಿ, ಬಸ್ ಸ್ಟ್ಯಾಂಡಿನ ಹತ್ತಿರ ಗ್ಯಾರೇಜ್ ಇಟ್ಟಿರುವ ದಸ್ತಗೀರ ಮಿಸ್ತ್ರಿಯ ಬಳಿ ಹೋಗಿ "ಹ್ಯಾಂಡಲ್ ಸ್ವಲ್ಪ ನೋಡಪ್ಪಾ" ಎಂದೆ. ಅವನು ಹ್ಯಾಂಡಲ್ ನೋಡಿದ, ಮುಂದಿನ ಗಾಲಿ ತಿರುಗಿಸಿದ, ಗಾಳಿ ನೋಡಿದ. "ಹ್ಯಾಂಡಲ್ ಏಕ್‌ದಮ್ ಬರೋಬರಿ ಐತ್ರಿ ಸರ. ನಿಮ್ಮ ಕೈಗೆ ಇನ್ನೂ ಗಾಡಿ ಕುಂತಿಲ್ಲ, ಅಷ್ಟ," ಎಂದ. ಪಾಪ, ನಾನು ಹ್ಯಾಂಡಲ್ ಎಂದದ್ದಕ್ಕೆ ಅವನು ಹ್ಯಾಂಡಲ್ ನೋಡಿದ್ದ. ನಾನು ಮಾತ್ರ 'ನಿಮ್ಮ ಕೈಗೆ' ಎಂಬ ಮಾತನ್ನು ಹಿಡಿದುಕೊಂಡು, ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಳ್ಳುತ್ತಾ ಮನೆಗೆ ಬಂದೆ.

ಇದರ ನಡುವೆ ಒಂದು ವಿಚಿತ್ರ ಗಮನಕ್ಕೆ ಬಂತು. ನನ್ನ ಹೆಂಡತಿ ಸುನಂದಾಳನ್ನು ಹಿಂದೆ ಕೂರಿಸಿಕೊಂಡು ಸಂತೆಗೆ ಹೋದ ದಿನ ಗಾಡಿ ವಾಲಲಿಲ್ಲ. ಅವಳು ನಮ್ಮ ಕಡೆಯ ಹೆಂಗಸರಂತೆ ಎರಡೂ ಕಾಲನ್ನು ಎಡಕ್ಕೆ ಇಳಿಬಿಟ್ಟು, ತರಕಾರಿಯ ಚೀಲವನ್ನೂ ಅದೇ ಕಡೆ ಇಳಿಬಿಟ್ಟುಕೊಂಡು ಕೂರುತ್ತಾಳೆ. ಅವಳಿದ್ದರೆ ನೆಟ್ಟಗೆ, ಇಳಿದರೆ ಬಲಕ್ಕೆ. ಮೂರು ಸಂತೆಯಲ್ಲೂ ಹಾಗೇ ಆಯಿತು. ಗಣಿತದ ಮಾಸ್ತರನಿಗೆ ಇದರಿಂದ ತೂಕದ ವಿಚಾರ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ದಾಂಪತ್ಯದ ವಿಚಾರ. ಹೆಂಡತಿ ಜೊತೆಗಿದ್ದರೆ ಮನಸ್ಸಿಗೆ ನೆಮ್ಮದಿ, ನೆಮ್ಮದಿ ಇದ್ದರೆ ನರಗಳಿಗೆ ಬಲ ಎಂದು ತಿಳಿದು ಕಣ್ಣಲ್ಲಿ ನೀರು ತಂದುಕೊಂಡೆ.

ಒಂದು ರವಿವಾರ ಬೆಳಿಗ್ಗೆ ಹದಿನೇಳರ ಮಗ್ಗಿ ಅರ್ಧಕ್ಕೆ ಬಂದಿತ್ತು, ಸುನಂದಾ ಬಚ್ಚಲ ಬಾಗಿಲು ತಳ್ಳಿದಳು. ನಾನು ಕೊಕ್ಕರೆಯಂತೆ ಒಂಟಿ ಕಾಲಿನ ಮೇಲಿದ್ದೆ.

"ಏನ್ ನಡಿಸೀರಿ ಇದು?"

"ವ್ಯಾಯಾಮ," ಎಂದೆ.

"ಕನ್ನಡಿ ಮುಂದ ಹಲ್ಲು ಕಿರಿಯೂದೂ ವ್ಯಾಯಾಮೇನ್ರಿ? ಮೂರು ವಾರದಿಂದ ನೋಡಾಕತ್ತೇನಿ. ಖರೆ ಹೇಳ್ರಿ, ಏನಾಗೇತಿ ನಿಮಗ?"

ಹೇಳಿಬಿಟ್ಟೆ. ಮಾವನ ಸಂಗತಿ, ಟ್ರ್ಯಾಕ್ಟರಿನ ಸಂಗತಿ, ಎಲ್ಲ. ಧ್ವನಿ ಸ್ವಲ್ಪ ನಡುಗಿತು ಎಂದು ಒಪ್ಪಿಕೊಳ್ಳುತ್ತೇನೆ. ಕೊನೆಗೆ, "ನೀ ಹಿಂದ ಕುಂತಿದ್ದರ ಮಾತ್ರ ನಾ ನೆಟ್ಟಗ ಹೋಗತೇನಿ ಸುನಂದಾ," ಎಂದೆ. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳಿಗೆ ಇಂಥ ಮಾತು ಹೇಳಿದ್ದು ಅದೇ ಮೊದಲು. ಅವಳ ಮುಖ ಕೆಂಪಾಯಿತು. ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಹುಬ್ಬು ಗಂಟಿಕ್ಕಿ, "ತಡೀರಿ. ನಾ ಕುಂತರ ನೆಟ್ಟಗ ಹೋಗತೈತಿ ಅಂದ್ರ, ಅದು ನಿಮ್ಮ ತಲೀದಲ್ಲ, ಗಾಡೀದು," ಎಂದು ಒಳಗೆ ಹೋಗಿ ಸುತಳಿಯ ಉಂಡೆ ತಂದಳು.

ಸುನಂದಾಳ ತವರು ಅಥಣಿ ಕಡೆಯ ದ್ರಾಕ್ಷಿ ತೋಟದ ಮನೆ. ದ್ರಾಕ್ಷಿ ಚಪ್ಪರಕ್ಕೆ ಕಂಬ ನೆಡುವಾಗ ಈ ತುದಿಯಿಂದ ಆ ತುದಿಗೆ ಸುತಳಿ ಜಗ್ಗಿ, ಒಂದು ಕಣ್ಣು ಮುಚ್ಚಿ ನೋಡುವುದು ಅವರಲ್ಲಿ ಸಣ್ಣವರಿದ್ದಾಗಿನಿಂದ ಬಂದ ವಿದ್ಯೆ. ಒಂದು ಕಂಬ ಬೆರಳಷ್ಟು ಆಚೀಚೆ ಇದ್ದರೂ ಅವಳ ಅಪ್ಪ ಕೀಳಿಸಿ ನೆಡಿಸುತ್ತಿದ್ದರಂತೆ. ಗಾಡಿಯನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ ಹ್ಯಾಂಡಲ್ ಹಿಡಿದುಕೊಳ್ಳಲು ನನಗೆ ಹೇಳಿದಳು. ಸುತಳಿಯನ್ನು ಹಿಂದಿನ ಗಾಲಿಗೆ ಸುತ್ತಿ, ಎರಡೂ ತುದಿಗಳನ್ನು ಗಾಲಿಯ ಎರಡೂ ಮಗ್ಗುಲಿಗೆ ತಾಗಿಸಿ ಮುಂದಿನ ಗಾಲಿಯವರೆಗೆ ಜಗ್ಗಿದಳು. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿದಳು. ಬಲಗಡೆಯ ಸುತಳಿ ಮುಂದಿನ ಗಾಲಿಗೆ ಒತ್ತಿಕೊಂಡಿತ್ತು. ಎಡಗಡೆಯದಕ್ಕೂ ಗಾಲಿಗೂ ನಡುವೆ ಎರಡು ಬೆರಳಷ್ಟು ಸಂದು ಇತ್ತು.

"ಇಲ್ಲಿ ನೋಡ್ರಿ ಸರ," ಎಂದಳು. ನನ್ನನ್ನು ಅವಳು ಸರ ಎನ್ನುವುದು ನನ್ನ ದಡ್ಡತನ ಬೀದಿಗೆ ಬರುವ ದಿನ ಮಾತ್ರ. "ಮುಂದಿನ ಗಾಲಿ ಒಂದ್ ಕಡೆ ಹೊಂಟೈತಿ, ಹಿಂದಿನ ಗಾಲಿ ಒಂದ್ ಕಡೆ. ನಿಮಗ್ಯಾವ ಲಕ್ವಾನೂ ಇಲ್ಲ."

ಬಗ್ಗಿ ನೋಡಿದೆ. ಹಿಂದಿನ ಗಾಲಿಯ ಎರಡೂ ಪಕ್ಕಕ್ಕೆ ಚೈನು ಬಿಗಿ ಮಾಡುವ ನಟ್ಟುಗಳಿರುತ್ತವೆ, ಅಲ್ಲಿ ಸಣ್ಣ ಸಣ್ಣ ಗೀಟುಗಳಿರುತ್ತವೆ. ಎರಡೂ ಕಡೆ ಗಾಲಿಯ ಅಚ್ಚು ಒಂದೇ ಗೀಟಿಗೆ ಇರಬೇಕು. ಎಡಗಡೆಯದು ಎರಡು ಗೀಟು ಹಿಂದಿತ್ತು. ಇದು ಮೂರನೆಯ ಇಯತ್ತೆಯ ಲೆಕ್ಕ.

ಆಗ ಮಾತ್ರ ನನಗೆ ಸಿಟ್ಟು ಬಂತು. ಅಪ್ಪಾಸಾಬನಿಗೆ ಫೋನ್ ಮಾಡಿ, ಒಳ್ಳೆಯ ಮಾತಿನಲ್ಲೇ ಜಾಡಿಸಿದೆ. ಅವನು ಪೂರ್ತಿ ಕೇಳಿ ನಕ್ಕ. "ಅದು ನಾನ ಮಾಡಿದ್ದರಿ ಸರ. ಬಲಕ್ಕ ಸೈಲೆನ್ಸರ್ ಕಾಯತೈತಿ, ಆ ಕಡೆ ಕ್ಯಾನ್ ಕಟ್ಟಿದ್ರ ಡೈರಿ ಮುಟ್ಟೂದ್ರಾಗ ಹಾಲು ಒಡೀತಿತ್ತು. ಅದಕ್ಕ ಕ್ಯಾನ್ ಯಾವತ್ತೂ ಎಡಕ್ಕ. ಗಾಡಿ ಎಡಕ್ಕ ಜಗ್ಗಾಕ ಹತ್ತಿತು, ಎಡಗಡೆ ನಟ್ಟು ಎರಡು ಗೀಟು ತಿರುವಿದ್ನಿ, ನೆಟ್ಟಗಾತು. ಟ್ರಾಯಲ್ ಕೊಟ್ಟಾಗ ಕ್ಯಾನ್ ಇತ್ತಲ್ರಿ? ನೀವೂ ಹಿಂದ ಕುಂತ ನೋಡೀರಿ." ಹೌದು, ನನ್ನ ಎಡ ಮೊಣಕಾಲಿಗೆ ದಾರಿಯುದ್ದಕ್ಕೂ ಬಡಿಯುತ್ತಲೇ ಇತ್ತು ಆ ಕ್ಯಾನು. ಅಪ್ಪಾಸಾಬ ಒಂದು ಮಾತನ್ನೂ ಮುಚ್ಚಿಟ್ಟಿರಲಿಲ್ಲ. ಗಾಡಿ ನೋಡಲು ನನಗೆ ಬರುವುದಿಲ್ಲ ಎಂದು ಒಪ್ಪುವುದಕ್ಕಿಂತ, ಲಕ್ವಾ ಹೊಡೆಯುತ್ತದೆ ಎಂದು ಒಪ್ಪುವುದೇ ನನಗೆ ಸುಲಭವಾಗಿತ್ತು.

ದಸ್ತಗೀರನಿಂದ ನಟ್ಟು ತಿರುವುವ ಪಾನಾ ತಂದು, ಅಚ್ಚು ಸಡಿಲ ಮಾಡಿ, ಸುನಂದಾ "ಇನ್ನೊಂಚೂರು, ಇನ್ನೊಂಚೂರು, ಸಾಕು" ಎಂದಂತೆ ತಿರುಗಿಸಿದೆ. ಎರಡೂ ಸುತಳಿ ಗಾಲಿಯಿಂದ ಸರಿಸಮ ದೂರಕ್ಕೆ ಬಂದವು. ಬಿಗಿ ಮಾಡಿ, ಒಬ್ಬನೇ ಹೊರಟೆ. ಊರು ದಾಟಿತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂತು, ಎರಡು ಟ್ರಾಲಿ, ಜೋರು ಹಾಡು. ನಾನು ನನ್ನ ಎಡದಲ್ಲೇ ಇದ್ದೆ. ಅದು ಹೋಯಿತು. ಮತ್ತೊಂದು ಬಂತು, ಅದೂ ಹೋಯಿತು. ಗಾಡಿ ನಿಲ್ಲಿಸಿ, ಕಬ್ಬಿನ ಹೊಲದ ಬದುವಿನ ಮೇಲೆ ಕೂತು, ಬಲಗೈಯಿಂದ ಬಲಗಾಲನ್ನು ಸವರಿದೆ. ಎಂಥ ಚಂದದ ಕಾಲು ಅನಿಸಿತು. ಮೂರು ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಹೋಗಿ, ಸುಮ್ಮನೆ ನಗು ಬರುತ್ತಿತ್ತು. ಬದುಕಿನಲ್ಲಿ ಅಷ್ಟು ಹಗುರವಾಗಿ ನಾನೆಂದೂ ಮನೆಗೆ ಬಂದಿರಲಿಲ್ಲ.

ಆ ಹಗುರವೇ ಮುಳುವಾಯಿತು. ಬಾಗಿಲಲ್ಲೇ ನಿಂತಿದ್ದ ಸುನಂದಾಳಿಗೆ ಅಪ್ಪಾಸಾಬನ ಮಾತನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅವಳು ಸುತಳಿಯನ್ನು ಮತ್ತೆ ಉಂಡೆಗೆ ಸುತ್ತುತ್ತಾ, "ಹಂಗಾರ ಇಷ್ಟ ದಿನ ನಾ ಹಿಂದ ಕುಂತದ್ದು ಹಾಲಿನ ಕ್ಯಾನಿನ ಬದಲಿ," ಎಂದಳು. ಅವಳ ಧ್ವನಿಯಲ್ಲಿ ನಗು ಇತ್ತು, ಜೊತೆಗೆ ಬೆಳಗಿನ ಮಾತು ಹೀಗೆ ಮುಗಿದುಹೋಯಿತಲ್ಲ ಎಂಬ ಸಣ್ಣ ನೋವೂ ಇತ್ತು. ಹಾಗಲ್ಲ ಸುನಂದಾ ಎಂದು ಎರಡು ಒಳ್ಳೆಯ ಮಾತು ಆಡುವುದಕ್ಕೆ ಅದೇ ಸಮಯ. ಆದರೆ ಇಪ್ಪತ್ತು ವರ್ಷ ಗಣಿತ ಕಲಿಸಿದ ಬಾಯಿ. "ಛೇ ಛೇ, ಹಂಗಲ್ಲ," ಎಂದೆ, "ಕ್ಯಾನು ಇಪ್ಪತ್ತು ಲೀಟರಿಂದು. ಅದಕ್ಕ ಎರಡು ಗೀಟು ಸಾಕಾಗೇತಿ. ನಿನ್ನ ತೂಕದ ಲೆಕ್ಕ ಹಿಡಿದರ…"

ಗಾಡಿ ಈಗ ಯಾರಿದ್ದರೂ ಇಲ್ಲದಿದ್ದರೂ ನೆಟ್ಟಗೆ ಹೋಗುತ್ತದೆ. ಸುನಂದಾ ಸಂತೆಗೆ ಬಸ್ಸಿನಲ್ಲಿ ಹೋಗುತ್ತಾಳೆ. ಮೂರು ವಾರ ಯಾವ ಲಕ್ವಾಕ್ಕೆ ಹೆದರಿ ಸತ್ತಿದ್ದೆನೋ, ಆ ಒಂದು ಗಳಿಗೆ ಅದು ನನ್ನ ನಾಲಗೆಗೆ ಹೊಡೆದಿದ್ದರೆ ಏನೂ ಅಡ್ಡಿ ಇರಲಿಲ್ಲ.