ತಾಯಿ ಪುಟ, ಮೊಮ್ಮಕ್ಕಳ ಪುಟ ಮತ್ತು ಊಟದ ಮೇಜು

ಒಂದು ಮನೆ, ಆ ಮನೆಯಲ್ಲೊಂದು ಊಟದ ಮೇಜು, ಅದರ ಮೇಲೆ ಊಟ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಲ್ಯಾಪ್‌ಟಾಪು, ಗುಂಡುಸೂಜಿ, ಕೆಂಪು ದಾರದ ಉಂಡೆ, ಇವೆಲ್ಲದರ ನಡುವೆ ನಲವತ್ತಮೂರು ರಟ್ಟಿನ ಚೀಟಿ. ಅತ್ತೆ ಸೊಸೆ ಇಬ್ಬರೂ ಎರಡು ತಿಂಗಳಿಂದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು.

ಈ ಸಾಮ್ರಾಜ್ಯದ ಒಡೆಯರು ಲೈಬ್ರರಿಯವರು. ಮೂವತ್ತು ವರ್ಷ ಲೈಬ್ರರಿಯಲ್ಲಿ ಪುಸ್ತಕಗಳಿಗೆ ನಂಬರು ಹಾಕಿ ನಿವೃತ್ತರಾದವರು, ಹಾಗಾಗಿ ಬೀದಿಗೆಲ್ಲ ಅದೇ ಹೆಸರು. ಮನೆಗೆ ಬಂದ ಮೇಲೆ ನಂಬರು ಹಾಕಲು ಏನೂ ಸಿಗದೆ ಕೈ ತುರಿಸತೊಡಗಿತು. (ಅಡುಗೆಮನೆಯ ಡಬ್ಬಿಗಳಿಗೆ ಹಾಕಿ ನೋಡಿದರು. ಉಪ್ಪು ಎಲ್ಲಿದೆ ಅಂತ ತಿಳಿಯಲು ಹೆಂಡತಿ ರಿಜಿಸ್ಟರ್ ತೆರೆಯಬೇಕಾದ ದಿನ ಆ ಯೋಜನೆ ನಿಂತುಹೋಯಿತು.) ಆಮೇಲೆ ಹಿಡಿದದ್ದು ಬ್ಲಾಗು.

ಬ್ಲಾಗಿನ ವಿಷಯ ಅಡುಗೆಮನೆಯ ಸಾಮಾನು. ಯಾವ ಮಿಕ್ಸಿ ಒಳ್ಳೆಯದು, ಯಾವ ಕುಕ್ಕರ್ ಬಾಳಿಕೆ ಬರುತ್ತದೆ ಅಂತ ಬರೆಯುವುದು, ಕೆಳಗೆ ಆನ್‌ಲೈನ್ ಅಂಗಡಿಯ ಲಿಂಕ್ ಹಾಕುವುದು. ಓದಿದವರು ಅದನ್ನು ಒತ್ತಿ ಸಾಮಾನು ಕೊಂಡರೆ ಇವರಿಗೆ ಕಮಿಷನ್. ಲೈಬ್ರರಿಯವರು ಹುಟ್ಟಿದಾರಭ್ಯ ಮಿಕ್ಸಿಯ ಗುಂಡಿ ಒತ್ತಿದವರಲ್ಲ. ಅದೊಂದು ಅಡ್ಡಿ ಅಂತ ಅವರಿಗೆ ತೋರಲಿಲ್ಲ. ಲೈಬ್ರರಿಯ ಪುಸ್ತಕಗಳನ್ನೆಲ್ಲ ಓದಿಯೇ ನಂಬರು ಹಾಕಿದ್ದರೇನು?

ಆದರೆ ಬ್ಲಾಗಿನ ಕಡೆ ಒಂದು ನರಪಿಳ್ಳೆಯೂ ಸುಳಿಯಲಿಲ್ಲ.

"ಬರಹದಲ್ಲಿ ಏನೂ ತಪ್ಪಿಲ್ಲ. ರಚನೆ ಸರಿಯಿಲ್ಲ," ಅಂತ ತಮ್ಮ ಮೇಲೆ ತಾವೇ ತೀರ್ಪು ಕೊಟ್ಟುಕೊಂಡು ಲೈಬ್ರರಿಯವರು ಬ್ಲಾಗಿನ ಪುಟಕ್ಕೊಂದರಂತೆ ಚೀಟಿ ಹರಡಿದ್ದರು. ಹೆಂಡತಿ ಕೇಳದಿದ್ದರೂ ಕರೆದು ವಿವರಿಸಿದರು.

"ನೋಡೇ, ಮಧ್ಯದಲ್ಲಿರೋದು ತಾಯಿ ಪುಟ. ಇವಳಿಗೆ ಆರು ಮಕ್ಕಳು. ಮಿಕ್ಸಿ, ಕುಕ್ಕರ್, ಬಾಣಲೆ, ಚಾಕು, ಫ್ಲಾಸ್ಕ್, ಒಲೆ. ಒಬ್ಬೊಬ್ಬರಿಗೂ ಆರಾರು. ಒಟ್ಟು ಮೂವತ್ತಾರು ಮೊಮ್ಮಕ್ಕಳು."

"ದಾರ ಯಾಕ್ರೀ?"

"ಸಂಬಂಧ ಗೊತ್ತಾಗಬೇಕಲ್ಲ. ದಾರ ಅಂದ್ರೆ ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕ್. ತಾಯಿ ಹತ್ತಿರದಿಂದ ಯಾವ ಮೊಮ್ಮಗು ಹತ್ತಿರಕ್ಕೂ ಎರಡೇ ಹೆಜ್ಜೆಯಲ್ಲಿ ಹೋಗೋ ಹಾಗಿರಬೇಕು. ದಾರ ಕಟ್ಟದೆ ಬಿಟ್ಟಿದ್ದು ಅನಾಥ ಪುಟ. ಸರ್ಚ್ ಮಾಡೋ ಯಂತ್ರ ಅದನ್ನ ತಿರುಗಿಯೂ ನೋಡಲ್ಲ."

"ನಮ್ಮಿಬ್ಬರ ಹಾಗೆ ಅನ್ನಿ," ಅಂದಳು ಹೆಂಡತಿ. "ನೆಲದ ಮೇಲೆ ಕೂತು ಉಣ್ತಿದೀವಿ, ನೀವು ತಿರುಗಿ ನೋಡಿದ್ರಾ?"

ಮೂಲೆಯಲ್ಲಿದ್ದ ಲೈಬ್ರರಿಯವರ ತಾಯಿಯೂ ಸುಮ್ಮನಿರಲಿಲ್ಲ. "ಮೂವತ್ತಾರು ಮರಿಮಕ್ಕಳಾದ್ವು ನನಗೆ. ಒಂದಾದ್ರೂ ಒಂದು ಲೋಟ ನೀರು ತಂದುಕೊಡ್ತದಾ?"

ಕೊನೆಗೆ ಹೆಂಡತಿಯೇ ಷರತ್ತು ಹಾಕಿದಳು. "ಮುಂದಿನ ತಿಂಗಳು ಮೊದಲನೇ ಭಾನುವಾರ ನನ್ನ ತಮ್ಮ ಊಟಕ್ಕೆ ಬರ್ತಾನೆ. ಅಷ್ಟರಲ್ಲಿ ನಿಮ್ಮ ಬ್ಲಾಗು ಸರ್ಚ್‌ನಲ್ಲಿ ಮೊದಲನೇ ಪುಟಕ್ಕೆ ಬಂದ್ರೆ ಮೇಜು ನಿಮಗೇ ಇರಲಿ. ಬರಲಿಲ್ವೋ, ನಿಮ್ಮ ವಂಶವನ್ನೆಲ್ಲ ಗಂಟುಕಟ್ಟಿಕೊಂಡು ಜಾಗ ಖಾಲಿ ಮಾಡಬೇಕು. ಅವನೇ ನೋಡಿ ಹೇಳಲಿ."

ಲೈಬ್ರರಿಯವರು ಟೊಂಕ ಕಟ್ಟಿ ನಿಂತರು. ಶೀರ್ಷಿಕೆಗಳನ್ನು ತಿದ್ದಿದರು, ಆನೆಗಾತ್ರದ ಚಿತ್ರಗಳನ್ನು ಇಲಿಗಾತ್ರ ಮಾಡಿದರು, ಮೊಮ್ಮಕ್ಕಳನ್ನೆಲ್ಲ ತಾಯಿಗೆ ಕಟ್ಟಿದರು. ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ 'ಒಳ್ಳೆಯ ಮಿಕ್ಸಿ ಯಾವುದು' ಅಂತ ಹುಡುಕುವರು. ಮೊದಲ ದಿನ ತಮ್ಮ ಬ್ಲಾಗು ಹನ್ನೊಂದನೇ ಪುಟದಲ್ಲಿ ಸಿಕ್ಕಿತು. ಜಾತ್ರೆಯಲ್ಲಿ ಕಳೆದ ಮಗು ಸಿಕ್ಕಷ್ಟು ಅಕ್ಕರೆಯಿಂದ ಒತ್ತಿದರು. ಮೂರನೇ ದಿನ ಏಳನೇ ಪುಟ. ವಾರ ಕಳೆಯುವಷ್ಟರಲ್ಲಿ ಮೂರನೆಯದು.

ಉಮೇದು ಹೆಚ್ಚಿ, ಹೆಂಡತಿ ಮತ್ತು ತಾಯಿಯ ಫೋನಿನಲ್ಲೂ ಹುಡುಕಿ ಒತ್ತಬೇಕೆಂದು ಅಪ್ಪಣೆ ಮಾಡಿದರು. ಊಟಕ್ಕೆ ಮುಂಚೆ ಒಂದು ಸಲ, ಊಟವಾದ ಮೇಲೆ ಒಂದು ಸಲ. ಮುದುಕಿ ಅದನ್ನು ರಕ್ತದೊತ್ತಡದ ಮಾತ್ರೆಯ ಜೊತೆಗೆ ಸೇರಿಸಿಕೊಂಡು ಒಂದು ದಿನವೂ ತಪ್ಪಿಸಲಿಲ್ಲ. ಇಪ್ಪತ್ತು ದಿನ ತುಂಬುವ ಹೊತ್ತಿಗೆ ಮೂರೂ ಫೋನಿನಲ್ಲಿ ಬ್ಲಾಗು ಮೊದಲನೇ ಪುಟದ ಮೊದಲನೇ ಸಾಲಿನಲ್ಲಿ ಕೂತಿತ್ತು. ಲೈಬ್ರರಿಯವರು ಕ್ಷೌರದಂಗಡಿಯಲ್ಲಿ ಹೇಳಿದರು, ಔಷಧಿ ಅಂಗಡಿಯಲ್ಲಿ ಹೇಳಿದರು, ನಲ್ಲಿ ರಿಪೇರಿಗೆ ಬಂದವನನ್ನು ಅರ್ಧ ಗಂಟೆ ನಿಲ್ಲಿಸಿಕೊಂಡು ಹೇಳಿದರು.

ಭಾನುವಾರ ಬಂತು, ಭಾವಮೈದನೂ ಬಂದ. ಫ್ರಿಜ್ ರಿಪೇರಿ ಮಾಡುವವನು, ಮಾತು ಕಡಿಮೆ. ತನ್ನ ಫೋನು ತೆಗೆದು ಹುಡುಕಿದ, ಬೆರಳಿನಿಂದ ತಳ್ಳಿದ, ಇನ್ನೂ ತಳ್ಳಿದ.

"ಭಾವ, ಎಂಟು ಪುಟ ದಾಟಿದೆ. ನೀವೆಲ್ಲೂ ಇಲ್ಲ."

"ನಿನ್ನ ಫೋನ್ ಕೆಟ್ಟಿರಬೇಕು. ನಮ್ಮ ಮೂರು ಫೋನಿನಲ್ಲೂ ಮೊದಲನೆಯದೇ ನಾನು."

"ದಿನಾ ಒತ್ತುತ್ತಿದ್ರಾ?"

"ಎರಡು ಹೊತ್ತೂ."

"ಅದಕ್ಕೇ. ಫೋನು ಅಂದ್ರೆ ಬೆಕ್ಕಿದ್ದ ಹಾಗೆ ಭಾವ. ದಿನಾ ಹಾಲು ಹಾಕಿದವರ ಕಾಲು ಸುತ್ತುತ್ತೆ. ನಿಮಗೆ ಇಷ್ಟ ಅಂತ ಅದನ್ನೇ ಮುಂದೆ ತಂದು ಇಡುತ್ತೆ ಅಷ್ಟೆ. ಅಂದಮಾತ್ರಕ್ಕೆ ಬೀದಿಯ ಬೆಕ್ಕುಗಳೆಲ್ಲ ನಿಮ್ಮ ಕಾಲು ಸುತ್ತುತ್ವೆ ಅಂತಲ್ಲ."

ಲೈಬ್ರರಿಯವರ ಮುಖ ಹುಣಸೆಹಣ್ಣು ಕಿವುಚಿದಂತಾಯಿತು. ಔಷಧಿ ಅಂಗಡಿಯ ದಾರಿ ಇನ್ನು ಮುಚ್ಚಿದಂತೆಯೇ ಅಂತ ಮನಸ್ಸಿನಲ್ಲಿ ಲೆಕ್ಕ ಹಾಕಿದರು. ಹೆಂಡತಿ ಆಗಲೇ ದಾರ ಸುತ್ತಲು ಶುರುಮಾಡಿದ್ದಳು.

"ತಡಿ ಅಕ್ಕ," ಅಂದ ಭಾವಮೈದ. "ಬ್ಲಾಗಿನ ಹೆಸರು ಎಲ್ಲೋ ನೋಡಿದೀನಲ್ಲ. ಹೋದ ವಾರ ನನ್ನ ಫ್ಲಾಸ್ಕು ವಾಸನೆ ಹೊಡೀತಿತ್ತು, ಏನು ಮಾಡೋದು ಅಂತ ಹುಡುಕಿದ್ದೆ. ಮೊದಲು ಬಂದಿದ್ದೇ ಇದು. ಭಾವ, ಇದು ನಿಮ್ಮದೇ."

ಲೈಬ್ರರಿಯವರು ಫೋನು ಕಿತ್ತುಕೊಂಡು ಗಟ್ಟಿಯಾಗಿ ಓದಿದರು. "'ಫ್ಲಾಸ್ಕು ವಾಸನೆ ಬಂದರೆ ಒಳಗೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ವಾಸನೆ ಇರುವುದು ಮುಚ್ಚಳದ ರಬ್ಬರಿನ ಅಡಿಯಲ್ಲಿ. ಅದನ್ನು ಚಮಚದ ತುದಿಯಿಂದ ಬಿಡಿಸಿ, ಬಿಸಿನೀರಲ್ಲಿ ತೊಳೆದು, ಬಿಸಿಲಿಗಿಡಿ. ಹೊಸ ಫ್ಲಾಸ್ಕು ಕೊಳ್ಳಬೇಡಿ, ದುಡ್ಡು ದಂಡ.' ಇದನ್ನ ನಾನು ಬರೆದಿಲ್ಲ."

"ನಾನು ಬರೆದೆ," ಅಂದಳು ಹೆಂಡತಿ. "ನೀವು ಮಧ್ಯಾಹ್ನ ಗೊರಕೆ ಹೊಡೀತಿದ್ರಿ. ನಿಮ್ಮ ಫ್ಲಾಸ್ಕಿನ ಲೇಖನ ಓದಿ ನೋಡಿದೆ. ಸಾವಿರ ಪದ ಇದೆ, ವಾಸನೆ ಬಂದ್ರೆ ಏನು ಮಾಡಬೇಕು ಅಂತ ಒಂದು ಸಾಲಿಲ್ಲ. 'ಹೊಸ ಬರಹ' ಅಂತ ಗುಂಡಿ ಇತ್ತು, ಒತ್ತಿದೆ."

"ಯಾವ ಪುಟಕ್ಕೆ ಕಟ್ಟಿದೆ?"

"ಯಾವುದಕ್ಕೂ ಇಲ್ಲ."

"ಅನಾಥ ಪುಟ," ಅಂದರು ಲೈಬ್ರರಿಯವರು ಕ್ಷೀಣವಾಗಿ. "ಅದರಲ್ಲೂ ಕೊಳ್ಳಬೇಡಿ ಅಂತ ಬರೆದಿದೀಯ. ಅಂಗಡಿ ಬಾಗಿಲಲ್ಲಿ ನಿಂತು ಬಂದವರನ್ನ ವಾಪಸ್ ಕಳಿಸಿದ ಹಾಗೆ."

ಆದರೂ ಕೆಳಗೆ ಬಿದ್ದರೂ ಮೂಗು ಮೇಲೆ ಅನ್ನುವ ಜಾತಿ ಅವರದು. ಕೂಡಲೇ ವಾದ ಹೂಡಿದರು. ಷರತ್ತು ಇದ್ದದ್ದು ಬ್ಲಾಗು ಮೊದಲನೇ ಪುಟಕ್ಕೆ ಬರಬೇಕೆಂದು. ಬಂದಿದೆ. ಯಾರು ಬರೆಯಬೇಕೆಂದು ಷರತ್ತಿನಲ್ಲಿ ಎಲ್ಲಿತ್ತು? ಭಾವಮೈದ ಅಕ್ಕನ ಮುಖ ನೋಡಿದ, ಭಾವನ ಮುಖ ನೋಡಿದ, ಆರುತ್ತಿದ್ದ ಊಟ ನೋಡಿದ.

"ಬ್ಲಾಗು ಭಾವನದು, ಬರೆದದ್ದು ಅಕ್ಕ. ಅರ್ಧರ್ಧ ಮೇಜು ಹಂಚಿಕೊಳ್ಳಿ. ಈಗ ಬಡಿಸಿ."

ಅಂಟುಪಟ್ಟಿಯಿಂದ ಮೇಜಿನ ನಡುವೆ ಗಡಿ ಬಿತ್ತು. ಅತ್ತೆ ಸೊಸೆ ಒಂದು ಕಡೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಉಂಡರು, ಇನ್ನೊಂದು ಕಡೆ ವಂಶವೃಕ್ಷ. ಎರಡು ದಿನ ಬಿಟ್ಟು ಲೈಬ್ರರಿಯವರು ಗಡಿಯಾಚೆಗೆ ಸಂಧಾನಕ್ಕೆ ಬಂದರು.

"ನೀನು ಬರೆದ್ರೆ ಜನ ಓದ್ತಾರೆ, ಒಪ್ಪಿದೆ. ಒಂದೇ ಒಂದು ಪುಟ 'ಕೊಳ್ಳಿ' ಅಂತ ಬರೆದುಕೊಡು. ಲಿಂಕ್ ನಾನು ಹಾಕ್ತೀನಿ."

"ನನಗೆ ಬೇಕು ಅನ್ನಿಸಿದ್ದನ್ನ ಮಾತ್ರ ಹೇಳೋದು."

"ಅದೇ ಬೇಕಾದ್ದು."

ಅವಳು ಪಾತ್ರೆ ಒರೆಸುತ್ತ ಹೇಳಿದಳು, ಇವರು ಬರೆದುಕೊಂಡರು. ಮಡಚುವ ಕಾಲಿನ ಸಣ್ಣ ಮೇಜು. ಒಬ್ಬರು ಕೂತು ಕೆಲಸ ಮಾಡುವಷ್ಟು ಅಗಲ. ಬಾಗಿಲ ಪಕ್ಕದಲ್ಲೂ ಹಿಡಿಸುತ್ತದೆ. ಊಟದ ಜಾಗ ಇಕ್ಕಟ್ಟಾದ ಮನೆಯವರು ಕಣ್ಣುಮುಚ್ಚಿ ಕೊಳ್ಳಬಹುದು. ಲೈಬ್ರರಿಯವರು ಒಂದಕ್ಷರ ತಿದ್ದದೆ ಹಾಕಿದರು. ಇಷ್ಟು ನೇರವಾದ ಬರಹವನ್ನು ತಾವು ಎಂದೂ ಓದಿಲ್ಲ ಅಂತ ಹೊಗಳಿದರು ಕೂಡ.

ಐದನೇ ದಿನ ಅಂಗಡಿಯವರಿಂದ ಇ-ಮೇಲ್ ಬಂತು. 'ಅಭಿನಂದನೆಗಳು, ನಿಮ್ಮ ಲಿಂಕ್ ಮೂಲಕ ಮೊದಲ ಮಾರಾಟವಾಗಿದೆ.' ಲೈಬ್ರರಿಯವರು ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದರು. ಕ್ಷೌರದಂಗಡಿ, ಔಷಧಿ ಅಂಗಡಿ ಎರಡಕ್ಕೂ ಸುದ್ದಿ ಮುಟ್ಟಿಸಿ, ತಲೆ ಎತ್ತಿಕೊಂಡು ಮನೆಗೆ ಬಂದರೆ ಬಾಗಿಲಲ್ಲಿ ಉದ್ದನೆಯ ರಟ್ಟಿನ ಪೆಟ್ಟಿಗೆ ನಿಂತಿತ್ತು. ಹೆಂಡತಿ ರಶೀದಿಗೆ ಸಹಿ ಹಾಕುತ್ತಿದ್ದಳು.

"ಬಂದ್ರಾ? ಸರಿಯಾಯ್ತು. ಸ್ಕ್ರೂ ಹನ್ನೆರಡಿದೆಯಾ ಎಣಿಸಿಕೊಳ್ಳಿ. ಲ್ಯಾಪ್‌ಟಾಪು, ಚೀಟಿ ಎಲ್ಲ ಆಗಲೇ ಬುಟ್ಟಿಗೆ ತುಂಬಿದೀನಿ."

ಸಂಜೆಗೆ ಎರಡನೇ ಇ-ಮೇಲ್. 'ಖರೀದಿಸಿದವರ ವಿಳಾಸವೂ ನಿಮ್ಮ ವಿಳಾಸವೂ ಒಂದೇ ಆಗಿರುವುದರಿಂದ ಕಮಿಷನ್ ಕೊಡಲಾಗುವುದಿಲ್ಲ. ಮತ್ತೊಮ್ಮೆ ಹೀಗಾದರೆ ಖಾತೆ ರದ್ದಾಗುತ್ತದೆ.'

ಊಟದ ಮೇಜಿನ ಮುಂದೆ ಕೈಕಾಲು ಚಾಚಿ ಕೂತಿದ್ದ ಮುದುಕಿ, ಬಾಗಿಲ ಪಕ್ಕ ನೆಲದ ಮೇಲೆ ಕೂತು ಹೊಸ ಮೇಜಿಗೆ ಕಾಲು ಜೋಡಿಸುತ್ತಿದ್ದ ಮಗನನ್ನು ನೋಡಿ ಸೊಸೆಯನ್ನು ಕೇಳಿದಳು.

"ಮೇಜು ಗಟ್ಟಿಮುಟ್ಟಾಗಿದೆ ಕಣೇ. ಯಾರನ್ನ ಕೇಳಿ ತಗೊಂಡೆ?"

"ಯಾರನ್ನ ಕೇಳೋದು ಅತ್ತೆ," ಅಂದಳು ಸೊಸೆ ಬಡಿಸುತ್ತ, "ನಿಮ್ಮ ಮಗನ ಬ್ಲಾಗಲ್ಲಿ ಕಣ್ಣುಮುಚ್ಚಿ ಕೊಳ್ಳಿ ಅಂತ ಹಾಕಿದ್ರು."